ಆ ಕೆಂಪು ನೆಲ ಹಾಕಿದ ಕೈ ಯಾರದು?

ನಿನ್ನೆ ಮಧ್ಯಾಹ್ನ ರೂಮು ಖಾಲಿ ಮಾಡಿ ಮನೆಗೆ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೀತಿದ್ದೀನಿ.

ನಮ್ಮ ಮದುವೆಗೆ 25 ವರ್ಷ ತುಂಬಿತು ಅಂತ ಮಗಳು ಬೆಂಗಳೂರಲ್ಲೇ ಒಂದು ಬೊಟೀಕ್ ಹೋಟೆಲಿನಲ್ಲಿ ಒಂದು ರಾತ್ರಿಗೆ ರೂಮು ಮಾಡಿಸಿದ್ದಳು. ಹೆಸರು ಬೇಡ. 1898ರ ಪ್ಲೇಗ್ ಆದ ಮೇಲೆ ಬೆಳೆದ ಬಡಾವಣೆಗಳಲ್ಲಿ ಒಂದು, ಅಲ್ಲೊಂದು ಹಳೇ ಬಂಗಲೆ, ಒಟ್ಟು 9 ರೂಮು. ಬಾಡಿಗೆ 14,000, 7,500 ದಾಟಿದ ರೂಮಿಗೆ 18 ಪರ್ಸೆಂಟ್ ಜಿಎಸ್‌ಟಿ ಅಂತ ಮತ್ತೆ 2,520. ಒಂದು ರಾತ್ರಿಗೆ 16,520 ರೂಪಾಯಿ! ಗೊತ್ತಾದಾಗ ಮಗಳಿಗೆ ಬೈದೆ. ಗೇಟು ದಾಟಿ ವರಾಂಡಕ್ಕೆ ಬಂದ ಮೇಲೆ ಯಾಕಾದರೂ ಬೈದೆನೋ ಅನ್ನಿಸಿತು.

ಎಂಥಾ ಮನೆ ಅದು! ಕಿಟಕಿಗಳ ಮೇಲೆ ಚೂಪು ಟೋಪಿಯ ಹಾಗಿರುವ ಮಂಕಿ ಟಾಪು, ಮೇಲೆ ಮಂಗಳೂರು ಹೆಂಚು, ಒಳಗಡೆ ತೇಗದ ತೊಲೆ ಜೋಡಿಸಿದ ಮದ್ರಾಸ್ ತಾರಸಿ. ಕೆಳಗೆ ನೆಲ. ಕೆಂಪು ನೆಲ. ರೆಡ್ಡಾಕ್ಸೈಡು. ನಾನು ಬಾಗಿಲಲ್ಲೇ ಚಪ್ಪಲಿ ಬಿಟ್ಟೆ. ‘ಪರವಾಗಿಲ್ಲ ಸಾರ್, ಹಾಕ್ಕೊಂಡೇ ಬನ್ನಿ’ ಅಂದ ಅಲ್ಲಿದ್ದ ಹುಡುಗ. ಆಗಲ್ಲಪ್ಪ ಅಂದೆ. ಆ ತಂಪು ಅಂಗಾಲಿಗೆ ತಾಗಿ ಎಷ್ಟು ವರ್ಷ ಆಗಿತ್ತು!

ಅಪ್ಪ ಗಾರೆ ಕೆಲಸದವರು ಅಂತ ನಿಮಗೆಲ್ಲ ಗೊತ್ತೇ ಇದೆ. ಜಯನಗರ, ಬಸವನಗುಡಿ ಕಡೆಯ ಎಷ್ಟೋ ಮನೆಗಳ ಒಳಗೆ ಅವರು ಮೊಣಕಾಲೂರಿ ಹಾಕಿದ ನೆಲ ಇತ್ತು. ಈ ನೆಲ ಹಾಕೋದು ಟೈಲ್ಸ್ ಅಂಟಿಸಿದ ಹಾಗಲ್ಲ. ಸಿಮೆಂಟಿಗೆ ಬಣ್ಣ ಬೆರೆಸುವಾಗ ಇಡೀ ಕೋಣೆಗೆ ಸಾಲುವಷ್ಟನ್ನು ಒಣದಾಗಿಯೇ ಒಟ್ಟಿಗೆ ಬೆರೆಸಿ ಜರಡಿ ಹಿಡಿದು ಇಟ್ಟುಕೊಳ್ಳಬೇಕು, ನಾಳೆ ಬೆರೆಸಿದ್ದಕ್ಕೆ ಇವತ್ತಿನ ಬಣ್ಣ ಬರಲ್ಲ. ಶುರು ಮಾಡಿದ ಕೋಣೆ ಮುಗಿಸಿಯೇ ಏಳಬೇಕು, ಅರ್ಧಕ್ಕೆ ನಿಲ್ಲಿಸಿದರೆ ಅಲ್ಲೊಂದು ಗೆರೆ ಸಾಯೋವರೆಗೂ ಕಾಣುತ್ತೆ. ಹಾಕಿದ್ದು ಬಿಗಿಯುವ ಹೊತ್ತಿಗೆ ಕರಣೆಯಲ್ಲಿ ಒತ್ತಿ ಒತ್ತಿ ಎಳೆದು ಹೊಳಪು ತರಬೇಕು. ಬೇಗ ಎಳೆದರೆ ಕರಣೆಗೆ ಅಂಟಿಕೊಳ್ಳುತ್ತೆ, ತಡ ಮಾಡಿದರೆ ಹೊಳಪೇ ಹತ್ತಲ್ಲ. ಆ ಗಳಿಗೆ ಯಾವುದು ಅಂತ ಬೆರಳಿಗೆ ಮಾತ್ರ ತಿಳಿಯುತ್ತೆ. ಆಮೇಲೆ ಬಿಸಿಲು ಗಾಳಿ ಬೀಳದ ಹಾಗೆ ಕಿಟಕಿ ಮುಚ್ಚಿ, ವಾರಗಟ್ಟಲೆ ನೀರು ನಿಲ್ಲಿಸಬೇಕು. ಇಲ್ಲದಿದ್ದರೆ ಕೂದಲೆಳೆ ಬಿರುಕು. ಬೇಸಿಗೆ ರಜೆಯಲ್ಲಿ ಆ ನೀರು ಕಾಯೋ ಕೆಲಸ ನನ್ನದಾಗಿತ್ತು. ಕೊನೆಗೆ ಕೊಬ್ಬರಿ ಎಣ್ಣೆ ಬಟ್ಟೆಯಲ್ಲಿ ಉಜ್ಜೋದು. ಉಳಿದ ಹೊಳಪು ಮನೆಯವರ ಕಾಲು ಓಡಾಡಿ ಓಡಾಡಿ ಬರಬೇಕು.

ಇನ್ನು ಸಿಟ್ಟಿನ ವಿಷಯಕ್ಕೆ ಬರ್ತೀನಿ.

ಮೇಜಿನ ಮೇಲೆ ಮನೆಯ ಕಥೆ ಹೇಳುವ ಒಂದು ಪುಸ್ತಿಕೆ ಇತ್ತು. ಅದರಲ್ಲಿ ಮನೆ ಸರಿಮಾಡಿದ ಆರ್ಕಿಟೆಕ್ಟ್ ಹೆಸರಿದೆ, ಫೋಟೋ ಇದೆ. ಒಳಾಂಗಣ ವಿನ್ಯಾಸ ಮಾಡಿದವರ ಹೆಸರಿದೆ. ಕಾಫಿ ಚಿಕ್ಕಮಗಳೂರಿನ ಯಾವ ತೋಟದ್ದು, ಸೋಪಿನ ಸುಗಂಧ ಯಾರು ಬೆರೆಸಿದ್ದು, ಗೋಡೆಯ ಚಿತ್ರ ಯಾರದು, ಎಲ್ಲ ಇದೆ. ಮಂಗಳೂರಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದೂ ಇದೆ. ನೆಲಕ್ಕೂ ಒಂದು ಪುಟ ಕೊಟ್ಟಿದ್ದಾರೆ. ಹಳೆಯದು ಒಡೆದುಹೋಗಿತ್ತು, ಎರಡು ವರ್ಷದ ಹಿಂದೆ ಹಳೇ ಕ್ರಮದಲ್ಲೇ ಹೊಸದಾಗಿ ಹಾಕಿಸಿದೆವು, ಪೂರ್ತಿ ಕೈಯಿಂದಲೇ ಮಾಡಿದ್ದು ಅಂತ.

ಯಾರ ಕೈ?

ಪುಟ ತಿರುಗಿಸಿದೆ, ಇಲ್ಲ. ಹಿಂದಿನಿಂದ ಮತ್ತೆ ಹುಡುಕಿದೆ, ಇಲ್ಲ. ನನ್ನ ಹೆಂಡತಿ ‘ಬಿಡ್ರೀ, ಇವತ್ತೊಂದು ದಿನ ನೆಮ್ಮದಿಯಾಗಿರಿ’ ಅಂದಳು. ಆಗಲಿಲ್ಲ. ಕೆಳಗೆ ಹೋಗಿ ಮ್ಯಾನೇಜರಮ್ಮನನ್ನ ಕೇಳಿದೆ. ಒಳ್ಳೆಯವರು, ಬೇಸರ ಮಾಡಿಕೊಳ್ಳಲಿಲ್ಲ. ಯಾರಿಗೋ ಫೋನ್ ಮಾಡಿ ವಿಚಾರಿಸಿದರು. ‘ಯಾರೋ ಮೇಸ್ತ್ರಿ ಕಡೆಯವರು ಬಂದಿದ್ರಂತೆ ಸಾರ್, ಹೆಸರು ಯಾರಿಗೂ ಗೊತ್ತಿಲ್ಲ’ ಅಂದರು. ಎರಡೇ ವರ್ಷದ ಹಿಂದಿನ ಕೆಲಸ! ನಾವು ಬರುವ ಮೊದಲೇ ನಮ್ಮಿಬ್ಬರ ಹೆಸರು ಕೈಯಲ್ಲಿ ಬರೆದು ಹಾಸಿಗೆ ಮೇಲೆ ಇಟ್ಟಿದ್ದರು. ಕಾಫಿ ತಂದ ಹುಡುಗ ನನ್ನ ಹೆಸರು ಹಿಡಿದು ಮಾತಾಡಿಸಿದ. 9 ರೂಮಿನ ಹೋಟೆಲ್ ಅಂದರೆ ಅದೇ ತಾನೇ, ಬಂದವರನ್ನ ಹೆಸರಿಟ್ಟು ವಿಚಾರಿಸಿಕೊಳ್ಳೋದು? ಅಷ್ಟು ಜನರ ಹೆಸರು ಇಟ್ಟುಕೊಳ್ಳುವವರಿಗೆ ನೆಲ ಹಾಕಿದ ಒಬ್ಬ ಮನುಷ್ಯನ ಹೆಸರು ಬೇಡವಾಯಿತಾ?

ಈ ವಿಷಯ ರಾತ್ರಿಯೇ ಒಬ್ಬ ಗೆಳೆಯನ ಹತ್ತಿರ ಹೇಳಿಕೊಂಡೆ. ಅವನು ಹೇಳಿದ್ದು: ‘ಕೂಲಿ ಕೊಟ್ಟಿದ್ದಾರಲ್ಲ, ಮತ್ತೇನು? ಆ ಮನೆ ಉಳಿಸಿದ್ದಾರೆ ಅದಕ್ಕೆ ಸಂತೋಷಪಡು. ಬೇರೆಯವರಾಗಿದ್ದರೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದರು.’ ಉಳಿಸಿದ್ದು ನಿಜ, ಅದಕ್ಕೆ ಕೈಮುಗೀತೀನಿ. ಆದರೆ ಆರ್ಕಿಟೆಕ್ಟ್‌ಗೂ ಫೀಸು ಕೊಟ್ಟಿರುತ್ತಾರೆ, ಅವರ ಹೆಸರು ಯಾಕೆ ಹಾಕಿದರು? ದುಡ್ಡು ಕೊಟ್ಟ ಮೇಲೆ ಹೆಸರು ಬೇಡ ಅನ್ನೋದಾದರೆ ಯಾರದೂ ಬೇಡ. ಮಾಡಿನ ಹೆಂಚನ್ನ ತೆಗೆದು ತಿರುಗಿಸಿ ನೋಡಿ, ಕಾರ್ಖಾನೆಯ ಹೆಸರು ಒತ್ತಿರುತ್ತೆ. ಹೆಂಚಿಗಿರೋ ಮರ್ಯಾದೆ ಕರಣೆ ಹಿಡಿದವನಿಗೆ ಇಲ್ಲ.

ನಮ್ಮಲ್ಲಿ ಈ ಪದ್ಧತಿ ಇರಲಿಲ್ಲ ಅಂತಲೂ ಅಲ್ಲ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಗುಡಿಗೆ ಹೋದರೆ ಬಳ್ಳಿಗಾವೆಯ ಶಿಲ್ಪಿ ದಾಸೋಜನ ಹೆಸರು, ಅವನ ಮಗ ಚಾವಣನ ಹೆಸರು ಕಲ್ಲಿನ ಮೇಲೆ ಕಾಣುತ್ತೆ. ಸೋಮನಾಥಪುರದ ಗುಡಿಯಲ್ಲಿ ಶಿಲ್ಪಿ ಮಲ್ಲಿತಮ್ಮನ ಹೆಸರಿದೆ. ರಾಜನ ಗುಡಿಯಲ್ಲೇ ಕೆಲಸದವನ ಹೆಸರಿಗೆ ಜಾಗ ಇತ್ತು. ಒಂದು ಪುಸ್ತಿಕೆಯಲ್ಲಿ ಒಂದು ಸಾಲಿಗೆ ಜಾಗ ಇಲ್ಲವಾ?

ಇಷ್ಟು ಹೇಳಿದವನು ಇನ್ನೊಂದನ್ನೂ ಹೇಳಲೇಬೇಕು. ಇದುವರೆಗೆ ಯಾರ ಹತ್ತಿರವೂ ಹೇಳಿಲ್ಲ. ಅಪ್ಪನ ಉಗುರಿನ ಸಂದಿಯಲ್ಲಿ ಆ ಕೆಂಪು ಯಾವತ್ತೂ ಪೂರ್ತಿ ಹೋಗುತ್ತಿರಲಿಲ್ಲ. ಹೈಸ್ಕೂಲಿಗೆ ಸೇರುವಾಗ ತಂದೆಯ ಉದ್ಯೋಗ ಅನ್ನೋ ಜಾಗದಲ್ಲಿ ನಾನು ‘ಗುತ್ತಿಗೆದಾರರು’ ಅಂತ ಬರೆದಿದ್ದೆ. ಓದಿ ನೋಡಿದ ಅಪ್ಪ ಏನೂ ಅನ್ನದೆ ಅದರ ಕೆಳಗೆ ಸಹಿ ಹಾಕಿದರು. ಆ ಸಹಿ ಹಾಕಿದ ಬೆರಳು ನನಗೆ ಇವತ್ತಿಗೂ ಕಾಣುತ್ತೆ. ಆಮೇಲೆ ವಿಟ್ರಿಫೈಡ್ ಟೈಲ್ಸ್ ಬಂತು, ಅಪ್ಪನ್ನ ನೆಲಕ್ಕೆ ಕರೆಯೋರು ಇಲ್ಲವಾದರು, ಕೊನೇ ವರ್ಷಗಳಲ್ಲಿ ಬರೀ ಪ್ಲಾಸ್ಟರಿಂಗ್ ಮಾಡಿದರು. ಕೆಲಸ ಕಡಿಮೆಯಾಯಿತು ಅಂತ ನಾನು ಒಳಗೊಳಗೇ ಸಮಾಧಾನ ಪಟ್ಟಿದ್ದೂ ಉಂಟು. ಈಗ ಅದೇ ಕೆಲಸ ಮಾಡಿಸಿದ ನೆಲದ ಮೇಲೆ ಒಂದು ರಾತ್ರಿ ಮಲಗೋಕೆ ನನ್ನ ಮಗಳು 16,520 ಕೊಟ್ಟಳು.

ಬೆಳಿಗ್ಗೆ ಏಳುವಾಗ ಕಿಟಕಿಯಿಂದ ಬಿಸಿಲು ಓರೆಯಾಗಿ ನೆಲದ ಮೇಲೆ ಬಿದ್ದಿತ್ತು. ಕರಣೆ ಎಳೆದ ಕಮಾನು ಕಮಾನು ಗುರುತು ಆ ಬೆಳಕಿಗೆ ತೇಲಿ ಕಾಣುತ್ತಿತ್ತು. ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನ ನೆಲಕ್ಕೆ ಹತ್ತಿರ ಹಿಡಿದೆ. ಅವರಿಗೀಗ 79, ಮೊಣಕಾಲು ಪೂರ್ತಿ ಹೋಗಿದೆ, ಕಣ್ಣು ಚೆನ್ನಾಗಿದೆ. ‘ಇನ್ನೂ ಸ್ವಲ್ಪ ಕಿಟಕಿ ಕಡೆ ಹೋಗೋ... ನಿಲ್ಲು, ನಿಲ್ಲು’ ಅಂದರು. ತುಂಬಾ ಹೊತ್ತು ನೋಡಿದರು.

‘ಇಬ್ಬರು ಕೂತು ಹಾಕಿರೋದು ಕಣೋ ಇದು. ಬಾಗಿಲ ಕಡೆಯವನು ಹೊಸಬ, ಒತ್ತು ಸಾಲದು. ಕಿಟಕಿ ಕಡೆಯವನದು ಪಳಗಿದ ಕೈ. ಎಡಚ ಅವನು, ಎಳೆತ ನೋಡು, ಉಲ್ಟಾ ಇದೆ.’

ಹೊರಡುವಾಗ ಅಲ್ಲಿಯ ಅತಿಥಿ ಪುಸ್ತಕದಲ್ಲಿ ಅಪ್ಪ ಹೇಳಿದ್ದನ್ನ ಹಾಗೇ ಕನ್ನಡದಲ್ಲಿ ಬರೆದಿಟ್ಟು ಬಂದಿದ್ದೀನಿ.

ಈ ಪೋಸ್ಟ್ ಓದುತ್ತಿರುವವರಲ್ಲಿ ಮನೆ ಕಟ್ಟಿಸುವವರು, ಆರ್ಕಿಟೆಕ್ಟುಗಳು, ಎಂಜಿನಿಯರುಗಳು ಸುಮಾರು ಜನ ಇದ್ದೀರಿ. ಬೆಂಗಳೂರಲ್ಲಿ ರೆಡ್ಡಾಕ್ಸೈಡ್ ನೆಲ ಹಾಕುವ ಎಡಗೈ ಮೇಸ್ತ್ರಿ ಯಾರಾದರೂ ಗೊತ್ತಿದ್ದರೆ ದಯವಿಟ್ಟು ಅವರಿಗೆ ವಿಷಯ ಮುಟ್ಟಿಸಿ, ನನಗೊಂದು ಮೆಸೇಜ್ ಹಾಕಿ. ಅಪ್ಪನಿಗೆ ಅವರ ಹತ್ತಿರ ಮಾತಾಡಬೇಕಂತೆ.