ರೋಸಾ ಪಾರ್ಕ್ಸ್ ದಣಿದು ಕೂತವರಲ್ಲ

ಇವತ್ತು ಮತ್ತೆ ಅದೇ ವಿಡಿಯೊ. ಕೆಲಸ ಮುಗಿಸಿ ಸುಸ್ತಾಗಿದ್ದ ರೋಸಾ ಪಾರ್ಕ್ಸ್ ಎಂಬ ಬಡ ದರ್ಜಿ ಮುದುಕಿ ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಡಲಿಲ್ಲವಂತೆ, ಅಮೆರಿಕ ಬದಲಾಯಿತಂತೆ. ಈ ಕತೆ ಕೇಳಿದರೆ ನನಗೆ ಎಷ್ಟು ಸಿಟ್ಟು ಬರುತ್ತದೆ ಅಂತ ನಿಮಗೆಲ್ಲ ಗೊತ್ತೇ ಇದೆ. 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್‌ಗೆ 42 ವರ್ಷ. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆಯ ಮಾಂಟ್ಗೊಮರಿ (ಅಲಬಾಮಾ ರಾಜ್ಯದ ಊರು) ಶಾಖೆಗೆ 1943ರಲ್ಲೇ ಕಾರ್ಯದರ್ಶಿಯಾದವರು. 1955ರ ಬೇಸಿಗೆಯಲ್ಲಿ ಟೆನ್ನೆಸ್ಸಿಯಲ್ಲಿ ಹೋರಾಟಗಾರರಿಗೆ ತರಬೇತಿ ಕೊಡುತ್ತಿದ್ದ ಹೈಲ್ಯಾಂಡರ್ ಶಾಲೆಯ ಶಿಬಿರಕ್ಕೂ ಹೋಗಿದ್ದರು. ಅವತ್ತು ಮೈ ದಣಿದಿರಲಿಲ್ಲ ಎಂದು ಅವರೇ ಆಮೇಲೆ ಬರೆದಿದ್ದಾರೆ. ಇನ್ನೆಷ್ಟು ಸಲ ಹೇಳಬೇಕು?

ಬಸ್ಸಿನ ವ್ಯವಸ್ಥೆ ಗೊತ್ತಾಗದೆ ಆ ಘಟನೆ ಅರ್ಥವಾಗುವುದಿಲ್ಲ. ಒಟ್ಟು 36 ಸೀಟು. ಮುಂದಿನ 10 ಬಿಳಿಯರಿಗೆ ಮೀಸಲು, ಖಾಲಿಯಿದ್ದರೂ ಕಪ್ಪು ಜನ ಕೂರುವಂತಿಲ್ಲ. ಹಿಂದಿನ 10 ಕಪ್ಪು ಜನರಿಗೆ. ನಡುವಿನ 16 ಡ್ರೈವರ್ ಹೇಳಿದ ಹಾಗೆ. ಒಬ್ಬ ಬಿಳಿಯ ನಿಂತಿದ್ದಕ್ಕೆ ನಾಲ್ವರು ಏಳಬೇಕಾಯಿತು, ಯಾಕೆಂದರೆ ಬಿಳಿಯರು ಕೂತ ಸಾಲಿನಲ್ಲಿ ನಡುದಾರಿಯ ಆಚೆ ಬದಿಗೂ ಕಪ್ಪು ಜನ ಇರಕೂಡದು. ಮೂವರು ಎದ್ದರು, ಪಾರ್ಕ್ಸ್ ಏಳಲಿಲ್ಲ. ಅವರನ್ನು ಬಂಧಿಸಿದರು.

ಆ ರಾತ್ರಿ ನಡೆದದ್ದನ್ನು ಯಾರೂ ಹೇಳುವುದಿಲ್ಲ. ಕಾಲೇಜು ಅಧ್ಯಾಪಕಿ ಜೋ ಆನ್ ರಾಬಿನ್ಸನ್ ತಮ್ಮ ಕಾಲೇಜಿನ ಮಿಮಿಯೊಗ್ರಾಫ್ ಎಂಬ ಪ್ರತಿ ತೆಗೆಯುವ ಯಂತ್ರದಲ್ಲಿ, ಸೋಮವಾರ ಬಸ್ ಹತ್ತಬೇಡಿ ಎಂಬ ಕರಪತ್ರವನ್ನು ಬೆಳಗಿನವರೆಗೆ ತೆಗೆದರು. ಒಂದು ಹಾಳೆಗೆ ಮೂರು ಬರುವಂತೆ ಅಚ್ಚು ಹಾಕಿ, ಕತ್ತರಿಸಿ, ಹತ್ತಾರು ಸಾವಿರ ಪ್ರತಿ. ಬಸ್ ಬಹಿಷ್ಕಾರವಾದೀತು ಎಂದು ಅವರು ಮೇಯರ್‌ಗೆ ಪತ್ರ ಬರೆದದ್ದು 1954ರ ಮೇ ತಿಂಗಳಲ್ಲಿ! ಒಂದೂವರೆ ವರ್ಷ ಮೊದಲು. ಯಾವುದೂ ತನ್ನಷ್ಟಕ್ಕೆ ಆದದ್ದಲ್ಲ.

ಡಿಸೆಂಬರ್ 5ರ ಸೋಮವಾರ ಕಪ್ಪು ಜನ ಬಸ್ಸು ಹತ್ತದೆ ಬಹಿಷ್ಕಾರ ಶುರು ಮಾಡಿದ್ದಾಯಿತು. ಮರುದಿನ? ಬಸ್ ಪ್ರಯಾಣಿಕರಲ್ಲಿ ಸುಮಾರು ಮುಕ್ಕಾಲು ಪಾಲು ಕಪ್ಪು ಜನ, ಅವರು ಕೆಲಸಕ್ಕೆ ಹೋಗಲೇಬೇಕು. ಮೊದಲು ಕಪ್ಪು ಟ್ಯಾಕ್ಸಿಯವರು ಬಸ್ ದರಕ್ಕೇ, 10 ಸೆಂಟಿಗೆ, ಕರೆದೊಯ್ದರು. ಕನಿಷ್ಠ ದರ 45 ಸೆಂಟು ಎಂಬ ನಿಯಮ ತೋರಿಸಿ ನಗರಾಡಳಿತ ಅದನ್ನು ನಿಲ್ಲಿಸಿತು. ಆಗ ಲೂಯಿಸಿಯಾನ ರಾಜ್ಯದ ಬ್ಯಾಟನ್ ರೂಜ್‌ನ ಪಾದ್ರಿ ಟಿ. ಜೆ. ಜೆಮಿಸನ್ ಅವರ 1953ರ ಬಸ್ ಬಹಿಷ್ಕಾರದ ಅನುಭವ ಕೈಹಿಡಿಯಿತು: ಸ್ವಂತ ಕಾರುಗಳ ಸರಪಳಿ. ಸುಮಾರು 300 ಕಾರು, ಹತ್ತುವ ಇಳಿಯುವ ಜಾಗಗಳನ್ನು ಗೊತ್ತು ಮಾಡಿದ್ದರು. ಕಾರಿನಲ್ಲಿ ಕೈಗೆ ಕಾಸು ಕೊಡುವಂತಿರಲಿಲ್ಲ, ಕೊಟ್ಟರೆ ಲೈಸೆನ್ಸಿಲ್ಲದ ಟ್ಯಾಕ್ಸಿ ಎಂದು ಹಿಡಿಯುತ್ತಿದ್ದರು. ಪೆಟ್ರೋಲಿನ ಹಣ ಚರ್ಚಿನ ಸಭೆಗಳಲ್ಲಿ ಕೂಡಬೇಕು. ಜಾರ್ಜಿಯಾ ಗಿಲ್ಮೋರ್ ಮತ್ತು ಗೆಳತಿಯರು ಅಡುಗೆ ಮಾಡಿ ಮಾರಿ ಹಣ ತಂದರು. ಪೊಲೀಸರು ಸಣ್ಣ ಕಾರಣಕ್ಕೂ ಡ್ರೈವರ್‌ಗಳಿಗೆ ದಂಡ ಹಾಕಿದರು; 25 ಮೈಲಿಯ ರಸ್ತೆಯಲ್ಲಿ 30ರಲ್ಲಿ ಹೋದರೆಂದು ಮಾರ್ಟಿನ್ ಲೂಥರ್ ಕಿಂಗ್‌ರನ್ನೇ ಬಂಧಿಸಿದರು. ವಿಮಾ ಕಂಪನಿಗಳು ಕೈಬಿಟ್ಟವು. ಕೊನೆಗೆ ಲಂಡನ್ನಿನ ಲಾಯ್ಡ್ಸ್‌ನಿಂದ ವಿಮೆ ತರಿಸಿದರು.

‘ಮಕ್ಕಳಿಗೆ ಹೇಳುವಾಗ ಒಬ್ಬರ ಧೈರ್ಯ ಸಾಕಲ್ಲ’ ಎನ್ನುವವರಿದ್ದಾರೆ. ಸಾಲದು. 1955ರಲ್ಲೇ ಮಾರ್ಚ್ 2ರಂದು, ಅದೇ ಊರಿನಲ್ಲಿ, 15 ವರ್ಷದ ಕ್ಲಾಡೆಟ್ ಕಾಲ್ವಿನ್ ಸೀಟು ಬಿಡದೆ ಕೂತಿದ್ದಳು. ಆ ಹುಡುಗಿಯ ಧೈರ್ಯ ಕಡಿಮೆಯೇ? ಮೇಲ್ಮನವಿಯಲ್ಲಿ ಕೋರ್ಟು ಪ್ರತ್ಯೇಕತೆಯ ಕಾನೂನು ಮುರಿದ ಆರೋಪ ಬಿಟ್ಟು ಹಲ್ಲೆಯ ಆರೋಪವನ್ನಷ್ಟೇ ಉಳಿಸಿತು. ಹಾಗಾದ ಮೇಲೆ ಕಾನೂನನ್ನು ಪ್ರಶ್ನಿಸಲು ಆ ಪ್ರಕರಣದಲ್ಲಿ ದಾರಿಯೇ ಉಳಿಯಲಿಲ್ಲ.

ಕೊನೆಗೆ ಗೆದ್ದದ್ದೂ ಪಾರ್ಕ್ಸ್ ಪ್ರಕರಣ ಅಲ್ಲ. ಅದು ರಾಜ್ಯದ ಕೋರ್ಟುಗಳಲ್ಲಿ ಸಿಕ್ಕಿಕೊಳ್ಳುತ್ತದೆಂದು ವಕೀಲ ಫ್ರೆಡ್ ಗ್ರೇ 1956ರ ಫೆಬ್ರವರಿಯಲ್ಲಿ ನೇರ ಫೆಡರಲ್ ಕೋರ್ಟಿಗೆ ಹೋದರು. ಮೊಕದ್ದಮೆ ಹೂಡಿದವರು ಆರೇಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಮೇರಿ ಲೂಯಿಸ್ ಸ್ಮಿತ್, ಮತ್ತು ಅದೇ ಕಾಲ್ವಿನ್. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅವರ ಪರ ಬಂದಿದ್ದ ಆ ಫೆಡರಲ್ ಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು. ಅದೇ ದಿನ ಸ್ಥಳೀಯ ಕೋರ್ಟು ಕಾರುಗಳ ಸರಪಳಿಗೆ ತಡೆ ಕೊಟ್ಟಿತು. ಸುಪ್ರೀಂ ಕೋರ್ಟ್ ಆದೇಶದ ಪ್ರತಿ ಊರಿಗೆ ಬಂದದ್ದು ಡಿಸೆಂಬರ್ 20ಕ್ಕೆ. ನಡುವಿನ ಐದು ವಾರ, ಗೆದ್ದ ಮೇಲೂ, ಬಸ್ಸು ಹತ್ತದೆ ನಡೆದರು.