ಸುಳ್ಳು ಹೇಳಿಲ್ಲ, ಆದರೂ ದುಡ್ಡು ಯಾಕೆ ವಾಪಸ್ ಕೊಡಬೇಕು?

ಟ್ಯಾಕ್ಸ್ ರಿಟರ್ನ್ ಹಾಕುವ ಕಾಲ ಬಂತೆಂದರೆ ಆಸ್ಟ್ರೇಲಿಯಾದ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ದೂರು ತಪ್ಪದೆ ಬರುತ್ತದೆ. ಮಕ್ಕಳಿಗೆಂದು ಸರ್ಕಾರ ಕೊಡುವ ಫ್ಯಾಮಿಲಿ ಟ್ಯಾಕ್ಸ್ ಬೆನಿಫಿಟ್‌ನಲ್ಲಿ ಇಷ್ಟು ಡಾಲರ್ ಜಾಸ್ತಿ ಹೋಗಿದೆ, ವಾಪಸ್ ಕಟ್ಟಿ ಅಂತ ಯಾರಿಗೋ ಪತ್ರ ಬಂದಿರುತ್ತದೆ. "ನಾವೇನು ಸುಳ್ಳು ಹೇಳಿದ್ವಾ? ಕೇಳಿದ್ದಕ್ಕೆಲ್ಲ ಸರಿಯಾಗೇ ಉತ್ತರ ಕೊಟ್ಟಿದ್ದೀವಿ. ಕೊಟ್ಟು ಕಿತ್ಕೊಳ್ಳೋದು ಯಾವ ನ್ಯಾಯ?" ಕೆಳಗೆ ಸಾಲಾಗಿ ಹೌದು ಹೌದು.

ಬೈಸಿಕೊಳ್ಳಲು ತಯಾರಾಗಿಯೇ ಬರೆಯುತ್ತಿದ್ದೇನೆ. ಲೆಕ್ಕ ಸರಿಯಿದ್ದರೆ ಆ ದುಡ್ಡು ವಾಪಸ್ ಕೊಡಬೇಕಾದದ್ದೇ. ನೀವು ಸುಳ್ಳು ಹೇಳಿದಿರಿ ಅಂತ ಅಲ್ಲ. ಬಹುತೇಕ ಪತ್ರಗಳಿಗೂ ಸುಳ್ಳಿಗೂ ಸಂಬಂಧವೇ ಇಲ್ಲ.

ಈ ಬೆನಿಫಿಟ್ ಜುಲೈ 1ರಿಂದ ಜೂನ್ 30ರವರೆಗಿನ ಇಡೀ ವರ್ಷದ ಲೆಕ್ಕ. ಆ ವರ್ಷ ಗಂಡ ಹೆಂಡತಿ ಇಬ್ಬರ ಆದಾಯ ಎಷ್ಟು ಅಂತ ನೋಡಿಯೇ ಮಕ್ಕಳಿಗೆ ಎಷ್ಟು ಸಿಗಬೇಕು ಅನ್ನುವುದು ತೀರ್ಮಾನವಾಗುತ್ತದೆ. ಆದರೆ ವರ್ಷ ಮುಗಿಯದೆ ಆದಾಯ ಎಷ್ಟಾಯಿತು ಅಂತ ಯಾರಿಗೆ ಗೊತ್ತು? ಮಕ್ಕಳ ಖರ್ಚು ಅಲ್ಲಿಯವರೆಗೆ ಕಾಯುವುದಿಲ್ಲ. ಹಾಗಾಗಿ ನೀವು ಕೊಟ್ಟ ಅಂದಾಜನ್ನು ನಂಬಿ ಹದಿನೈದು ದಿನಕ್ಕೊಮ್ಮೆ ದುಡ್ಡು ಹಾಕುತ್ತಾ ಹೋಗುತ್ತಾರೆ. ರಿಟರ್ನ್ ಬಂದ ಮೇಲೆ ಅಂದಾಜನ್ನೂ ಅಸಲಿಯನ್ನೂ ತಾಳೆ ಹಾಕುತ್ತಾರೆ. ಇದಕ್ಕೆ ಬ್ಯಾಲೆನ್ಸಿಂಗ್ ಅನ್ನುತ್ತಾರೆ. ಆದಾಯ ಅಂದಾಜಿಗಿಂತ ಕಮ್ಮಿಯಾಗಿದ್ದರೆ ಉಳಿದ ದುಡ್ಡು ನಿಮಗೆ ಬರುತ್ತದೆ. ಜಾಸ್ತಿಯಾಗಿದ್ದರೆ ನೀವು ಕೊಡಬೇಕು. ಹಾಗೆ ದುಡ್ಡು ಬಂದವರು ಮಾತ್ರ ಗುಂಪಿನಲ್ಲಿ ಒಂದು ಸಾಲೂ ಬರೆಯುವುದಿಲ್ಲ, ಅಲ್ವಾ?

ಒಂದು ಲೆಕ್ಕ ನೋಡೋಣ. ಇಬ್ಬರು ಚಿಕ್ಕ ಮಕ್ಕಳ ಸಂಸಾರ. ಜುಲೈನಲ್ಲಿ ವರ್ಷಕ್ಕೆ 85,000 ಡಾಲರ್ ಅಂತ ಅಂದಾಜು ಕೊಟ್ಟರು. ಓವರ್‌ಟೈಮ್, ಒಂದು ಬೋನಸ್ ಸೇರಿ ಕೊನೆಗೆ 95,000 ಆಯಿತು. ಈ ಬೆನಿಫಿಟ್‌ನಲ್ಲಿ ಎರಡು ಭಾಗ: ಪ್ರತಿ ಮಗುವಿಗೂ ಲೆಕ್ಕ ಹಾಕುವ ಪಾರ್ಟ್ ಎ, ಮುಖ್ಯವಾಗಿ ಒಂದೇ ಸಂಬಳದ ಅಥವಾ ಒಂಟಿ ಪೋಷಕರ ಮನೆಗಳಿಗೆ ಸಿಗುವ ಪಾರ್ಟ್ ಬಿ. ಪಾರ್ಟ್ ಎ ಭಾಗದಲ್ಲಿ ಆದಾಯ ಒಂದು ಮಿತಿ ದಾಟಿದ ಮೇಲೆ ಪ್ರತಿ ಡಾಲರ್‌ಗೆ 20 ಸೆಂಟ್ ಕಡಿತ. 10,000 ಡಾಲರ್‌ಗೆ 2,000. ಅಲ್ಲಿಗೆ ಮುಗಿಯಿತು, ಪತ್ರದಲ್ಲಿರುವ ಮೊತ್ತ ಅದೇ. ಪಕ್ಕದ ಮನೆಯವರು ಮೊದಲೇ 95,000 ಅಂತ ಹೇಳಿದ್ದರೆ ಅವರಿಗೆ ವರ್ಷವಿಡೀ 2,000 ಕಮ್ಮಿ ಬಂದಿರುತ್ತದೆ. ಅಷ್ಟೇ ಆದಾಯದ ಇಬ್ಬರಲ್ಲಿ ಒಬ್ಬರು, ಅಂದಾಜು ತಪ್ಪಿತು ಅನ್ನುವ ಒಂದೇ ಕಾರಣಕ್ಕೆ, 2,000 ಜಾಸ್ತಿ ಇಟ್ಟುಕೊಂಡರೆ ಅದ್ಯಾವ ನ್ಯಾಯ?

ನಿಜವಾಗಿ ಹೊಟ್ಟೆ ಉರಿಸುವುದು ಬೇರೆ ಸಂಗತಿ. ಮನೆಯಲ್ಲಿದ್ದವರಿಗೆ ಜನವರಿಯಲ್ಲಿ ಕೆಲಸ ಸಿಗುತ್ತದೆ ಅಂತಿಟ್ಟುಕೊಳ್ಳಿ. ಅವತ್ತೇ ಸರ್ಕಾರಿ ಸೇವೆಗಳ ವೆಬ್‌ಸೈಟ್ ಮೈಗವ್‌ಗೆ ಹೋಗಿ ಹೊಸ ಅಂದಾಜು ಹಾಕುತ್ತಾರೆ. ತಡ ಮಾಡಿಲ್ಲ, ಮುಚ್ಚಿಟ್ಟಿಲ್ಲ. ಆದರೂ ಜುಲೈಯಿಂದ ಡಿಸೆಂಬರ್‌ವರೆಗೆ ತೆಗೆದುಕೊಂಡ ದುಡ್ಡಿನಲ್ಲಿ ಒಂದು ಪಾಲು ಹೆಚ್ಚುವರಿ ಆಗಿಬಿಡುತ್ತದೆ. ಆ ಆರು ತಿಂಗಳು ಮನೆಯಲ್ಲಿ ಒಂದೇ ಸಂಬಳ ಇದ್ದದ್ದು ನಿಜ. ಆದರೆ ಲೆಕ್ಕ ಆ ಆರು ತಿಂಗಳದ್ದಲ್ಲ, ಇಡೀ ವರ್ಷದ್ದು. ಜನವರಿಯ ಸಂಬಳ ಹಿಂದಿನ ಜುಲೈಗೂ ಹರಡಿಕೊಳ್ಳುತ್ತದೆ. ಹೊಸ ಅಂದಾಜು ಕೊಟ್ಟಾಗ ಉಳಿದ ತಿಂಗಳುಗಳ ದರ ಇಳಿಸಿ ಆದಷ್ಟು ಸರಿದೂಗಿಸಲು ನೋಡುತ್ತಾರೆ. ವರ್ಷದ ಕೊನೆಗೆ ಬಂದಷ್ಟೂ ಅದಕ್ಕೆ ಜಾಗ ಇರುವುದಿಲ್ಲ. ಏಪ್ರಿಲ್‌ನಲ್ಲಿ ಬಡ್ತಿ ಸಿಕ್ಕವರ ಪಾಡು ಕೇಳಲೇಬೇಡಿ.

ಇನ್ನು, ಯಾವುದು ಆದಾಯ ಅನ್ನುವುದರಲ್ಲೇ ಎಡವುವವರು ಬಹಳ. ಸಂಬಳದ ಚೀಟಿ ನೋಡಿ ಅಂದಾಜು ಕೊಟ್ಟರೆ ಸಾಲದು. ಬಾಡಿಗೆಗೆ ಕೊಟ್ಟ ಮನೆಯಿಂದ 12,000 ನಷ್ಟ ತೋರಿಸಿ ಟ್ಯಾಕ್ಸ್ ಉಳಿಸಿದ್ದೀರಾ? ಇಲ್ಲಿ ಆ ನಷ್ಟವನ್ನು ಮತ್ತೆ ಆದಾಯಕ್ಕೆ ಸೇರಿಸುತ್ತಾರೆ. ಸಂಬಳದಿಂದ ನಿವೃತ್ತಿ ನಿಧಿಯಾದ ಸೂಪರ್‌ಗೆ ಜಾಸ್ತಿ ಹಾಕಿಸಿದ್ದೀರಾ? ಅದೂ ಸೇರುತ್ತದೆ. ಕಂಪನಿಯೇ ನಿಮ್ಮ ಸಂಬಳದಿಂದ ಕಂತು ಕಟ್ಟುವ ನೋವೇಟೆಡ್ ಲೀಸ್‌ನಲ್ಲಿ ಎಲೆಕ್ಟ್ರಿಕ್ ಕಾರು ತಗೊಂಡು ಟ್ಯಾಕ್ಸ್ ಇಲ್ಲ ಅಂತ ಖುಷಿಯಾಗಿದ್ದೀರಾ? ಸಂಬಳದ ಹೊರತಾಗಿ ಕಂಪನಿ ಕೊಡುವ ಸವಲತ್ತಿನ ಮೇಲಿನ ಫ್ರಿಂಜ್ ಬೆನಿಫಿಟ್ ಟ್ಯಾಕ್ಸ್ ಇಲ್ಲದಿದ್ದರೂ ಅದರ ಮೊತ್ತ ನಿಮ್ಮ ಇನ್ಕಮ್ ಸ್ಟೇಟ್‌ಮೆಂಟ್‌ನಲ್ಲಿ ಕಾಣಿಸುತ್ತದೆ, ಲೆಕ್ಕಕ್ಕೂ ಬರುತ್ತದೆ. ಊರಿನ ಮನೆಯ ಬಾಡಿಗೆಯೂ ಅಷ್ಟೇ.

ಊರು ಅಂದ ಮೇಲೆ ನೆನಪಾಯಿತು. ಮಕ್ಕಳನ್ನು ಕರೆದುಕೊಂಡು ಆರು ವಾರಕ್ಕಿಂತ ಜಾಸ್ತಿ ಹೊರದೇಶದಲ್ಲಿದ್ದರೆ ಪಾರ್ಟ್ ಎ ಕೆಳಗಿನ ದರಕ್ಕೆ ಇಳಿಯುತ್ತದೆ, ಪಾರ್ಟ್ ಬಿ ನಿಲ್ಲುತ್ತದೆ. ಅಜ್ಜ ಅಜ್ಜಿ ಇನ್ನೊಂದು ಹಬ್ಬ ಮುಗಿಸಿಕೊಂಡು ಹೋಗಿ ಅಂದಾಗ ಇದು ಯಾರ ತಲೆಗೂ ಬರುವುದಿಲ್ಲ. ರಿಟರ್ನ್ ಹಾಕದೆ ಕೂತವರದ್ದು ಇನ್ನೂ ಕಷ್ಟ. ಆ ಆರ್ಥಿಕ ವರ್ಷ ಮುಗಿದು ಒಂದು ವರ್ಷದೊಳಗೆ ಇಬ್ಬರದ್ದೂ ಆದಾಯ ಖಚಿತವಾಗದಿದ್ದರೆ ಇಡೀ ವರ್ಷ ಪಡೆದದ್ದನ್ನೇ ವಾಪಸ್ ಕೇಳುತ್ತಾರೆ.

ಈ ಅಂದಾಜಿನ ತಲೆನೋವು ಸರ್ಕಾರಕ್ಕೆ ಹೊಸದೇನಲ್ಲ. ಫ್ಯಾಮಿಲಿ ಟ್ಯಾಕ್ಸ್ ಬೆನಿಫಿಟ್ ಶುರುವಾದದ್ದು 2000ದ ಜುಲೈನಲ್ಲಿ. ಮೊದಲ ವರ್ಷದ ಲೆಕ್ಕದಲ್ಲೇ ಲಕ್ಷಗಟ್ಟಲೆ ಕುಟುಂಬಗಳ ಮೇಲೆ ಸಾಲ ಬಿತ್ತು. 2001 ಚುನಾವಣೆಯ ವರ್ಷ. ಪ್ರತಿ ಕುಟುಂಬಕ್ಕೆ 1,000 ಡಾಲರ್‌ವರೆಗೆ ಮನ್ನಾ ಆಯಿತು! ಆಮೇಲೆ ಪ್ರತಿ ಮಗುವಿಗೆ 600 ಡಾಲರ್‌ನ ಸಪ್ಲಿಮೆಂಟ್ ತಂದರು. ಅದನ್ನು ವರ್ಷದ ಕೊನೆಗೆ, ಬ್ಯಾಲೆನ್ಸಿಂಗ್ ಆದ ಮೇಲೆ ಕೊಡುವುದರಿಂದ ಸಣ್ಣಪುಟ್ಟ ಸಾಲ ಅದರಲ್ಲೇ ವಜಾ ಆಗುತ್ತಿತ್ತು. ಆದರೆ 2016ರ ಜುಲೈಯಿಂದ ಪಾರ್ಟ್ ಎ ಸಪ್ಲಿಮೆಂಟ್ 80,000 ಡಾಲರ್‌ಗಿಂತ ಜಾಸ್ತಿ ಆದಾಯದವರಿಗೆ ಸಿಗುವುದಿಲ್ಲ. ಮೇಲಿನ ಲೆಕ್ಕದ ಸಂಸಾರಕ್ಕೆ ಆ ಆಸರೆ ಇಲ್ಲ. ಹಳಬರು "ನಮ್ಮ ಕಾಲದಲ್ಲಿ ಇಷ್ಟು ಪತ್ರ ಬರ್ತಿರಲಿಲ್ಲ" ಅನ್ನುವುದರಲ್ಲಿ ಸ್ವಲ್ಪ ಹುರುಳಿದೆ.

"ಇದೂ ರೋಬೋಡೆಟ್ ತರಾನೇ" ಅನ್ನುವವರಿದ್ದಾರೆ. ಅಲ್ಲ. ರೋಬೋಡೆಟ್ ಅಂದರೆ ಕಂಪ್ಯೂಟರ್ ಲೆಕ್ಕದ ಮೇಲೆ ಜನರಿಗೆ ಸಾಲದ ಪತ್ರ ಕಳಿಸಿದ ಸರ್ಕಾರಿ ಯೋಜನೆ. ಅದಕ್ಕೆ ಒಳಗಾದವರು ನಿರುದ್ಯೋಗ ಭತ್ಯೆಯಂಥ ನೆರವು ಪಡೆದವರು. ಅದರ ಲೆಕ್ಕ ಕಾನೂನಿನ ಪ್ರಕಾರ ಹದಿನೈದು ದಿನದ್ದು. ಟ್ಯಾಕ್ಸ್ ಇಲಾಖೆಯ ವರ್ಷದ ಆದಾಯವನ್ನು 26 ಸಮಭಾಗ ಮಾಡಿ, ಕೆಲಸ ಇಲ್ಲದ ವಾರಗಳಲ್ಲೂ ಸಂಬಳ ಬಂದಿತ್ತು ಅಂತ ಕಲ್ಪಿಸಿ ಸಾಲ ಹೊರಿಸಿದರು. ಅದು ಕಾನೂನುಬಾಹಿರ ಅಂತ 2019ರಲ್ಲಿ ಕೋರ್ಟಿನಲ್ಲಿ ಸರ್ಕಾರವೇ ಒಪ್ಪಬೇಕಾಯಿತು. ಮಾಜಿ ನ್ಯಾಯಮೂರ್ತಿ ಕ್ಯಾಥರೀನ್ ಹೋಮ್ಸ್ ಅವರ ರಾಯಲ್ ಕಮಿಷನ್, ಅಂದರೆ ಸರ್ಕಾರ ನೇಮಿಸಿದ ತನಿಖಾ ಆಯೋಗ, 2023ರ ವರದಿಯಲ್ಲಿ ಆ ಯೋಜನೆಯನ್ನು ಝಾಡಿಸಿತು. ಫ್ಯಾಮಿಲಿ ಟ್ಯಾಕ್ಸ್ ಬೆನಿಫಿಟ್‌ನ ಕಾನೂನೇ ವರ್ಷದ ಲೆಕ್ಕ ಕೇಳುತ್ತದೆ. ವರ್ಷದ ಅಂಕಿಯನ್ನು ವರ್ಷದ ಅಂಕಿಯ ಜೊತೆ ಹೋಲಿಸುವುದರಲ್ಲಿ ಮೋಸವಿಲ್ಲ.

ಹಾಗಂತ ಬಂದ ಪತ್ರಕ್ಕೆಲ್ಲ ಸುಮ್ನೆ ತಲೆಬಾಗಿ ಅಂತ ನಾನು ಹೇಳುವುದಿಲ್ಲ. ಅಂದಾಜು ಎಷ್ಟಿತ್ತು, ಅಸಲಿ ಎಷ್ಟು, ಯಾವ ಮಗುವಿಗೆ ಎಷ್ಟು ದಿನದ ಲೆಕ್ಕ ಹಿಡಿದರು ಅಂತ ಕೇಳಿ ತಿಳಿದುಕೊಳ್ಳಿ. ತಪ್ಪು ಕಂಡರೆ ಒಳಗಡೆ ಮರುಪರಿಶೀಲನೆ ಕೇಳಬಹುದು. ಅಲ್ಲಿಯೂ ಒಪ್ಪಿಗೆಯಾಗದಿದ್ದರೆ ಆಡಳಿತ ಮರುಪರಿಶೀಲನಾ ಟ್ರಿಬ್ಯೂನಲ್ ಇದೆ. ತಪ್ಪು ಪೂರ್ತಿ ಕಚೇರಿಯದ್ದೇ ಆಗಿದ್ದು, ನೀವು ನಂಬಿಕೆಯಿಂದ ಪಡೆದಿದ್ದು, ವಾಪಸ್ ಕೊಟ್ಟರೆ ಬದುಕುವುದೇ ಕಷ್ಟ ಅನ್ನುವಂತಿದ್ದರೆ ಮನ್ನಾಕ್ಕೂ ದಾರಿಯಿದೆ. ಆದರೆ ಅದು ಬಹಳ ಕಿರಿದಾದ ದಾರಿ. ಒಂದು ಮಾತ್ರ ಮಾಡಬೇಡಿ, ಪತ್ರವನ್ನು ಡ್ರಾಯರ್‌ಗೆ ತಳ್ಳಿ ಮರೆಯಬೇಡಿ. ಕಂತು ಮಾಡಿಕೊಡಿ ಅಂದರೆ ಮಾಡಿಕೊಡುತ್ತಾರೆ. ಉತ್ತರವೇ ಕೊಡದಿದ್ದರೆ ಟ್ಯಾಕ್ಸ್ ರೀಫಂಡ್‌ನಲ್ಲಿ ಹಿಡಿಯುತ್ತಾರೆ, ಬಡ್ಡಿಯೂ ಬೀಳಬಹುದು. ದೇಶ ಬಿಟ್ಟು ಹೋಗದಂತೆ ತಡೆಯುವ ಅಧಿಕಾರವೂ ಅವರಿಗಿದೆ.

ನನಗೆ ತಕರಾರಿರುವುದು ವಾಪಸ್ ಕೇಳುವುದರ ಬಗ್ಗೆ ಅಲ್ಲ, ಅಂದಾಜಿನ ಭಾರ ಯಾರ ಮೇಲೆ ಬೀಳುತ್ತದೆ ಅನ್ನುವುದರ ಬಗ್ಗೆ. ಹದಿನೈದು ದಿನಕ್ಕೊಮ್ಮೆ ಬೇಡ, ವರ್ಷದ ಕೊನೆಗೆ ಒಟ್ಟಿಗೆ ಕೊಡಿ ಅಂತಲೂ ಕೇಳಬಹುದು. ಆಗ ಸಾಲದ ಮಾತೇ ಹೆಚ್ಚುಕಮ್ಮಿ ಇಲ್ಲ. ತಿಂಗಳ ಸಂಬಳ ಗಟ್ಟಿಯಾಗಿರುವವರು ಹಾಗೆ ಕಾಯಬಲ್ಲರು. ಶಿಫ್ಟ್ ಸಿಕ್ಕಿದರೆ ಉಂಟು, ಇಲ್ಲದಿದ್ದರೆ ಇಲ್ಲ ಅನ್ನುವ ಕೆಲಸದವರು ಕಾಯಲಾರರು. ಆದಾಯ ಅಂದಾಜು ಮಾಡುವುದು ಅತ್ಯಂತ ಕಷ್ಟ ಆಗುವುದೂ ಅವರಿಗೇ.

ಕೆನಡಾದಲ್ಲಿ ಮಕ್ಕಳ ಭತ್ಯೆಯನ್ನು ಹಿಂದಿನ ವರ್ಷದ ರಿಟರ್ನ್ ನೋಡಿ ಜುಲೈಯಿಂದ ಮುಂದಿನ ಜೂನ್‌ವರೆಗೆ ನಿಗದಿ ಮಾಡುತ್ತಾರೆ. ಆದಾಯದ ಅಂದಾಜು ತಪ್ಪಿ ಸಾಲವಾಗುವ ಪ್ರಶ್ನೆ ಅಲ್ಲಿಲ್ಲ. ಆದರೆ ಕೆಲಸ ಹೋದ ವರ್ಷವೂ ಹಳೇ ಸಂಬಳದ ಲೆಕ್ಕದಲ್ಲೇ ಕಮ್ಮಿ ಕೊಡುತ್ತಾರೆ, ಸರಿಹೋಗಲು ಮುಂದಿನ ಜುಲೈವರೆಗೆ ಕಾಯಬೇಕು. ಎರಡರಲ್ಲಿ ಒಂದನ್ನು ಆರಿಸು ಅಂದರೆ, ಸಾಲದ ಪತ್ರ ಬಂದರೂ ಪರವಾಗಿಲ್ಲ, ಕೆಲಸ ಹೋದಾಗ ಕೂಡಲೇ ದರ ಏರಿಸುವ ಇಲ್ಲಿನ ಪದ್ಧತಿಯೇ ಇರಲಿ ಅನ್ನುತ್ತೇನೆ. ಕೆನಡಾದಲ್ಲಿರುವವರು ಒಪ್ಪುವುದಿಲ್ಲವೇನೋ, ಕಮೆಂಟಿನಲ್ಲಿ ಹೇಳಿ.