ಟೊಮೆಟೊ ಕೊಯ್ಯದ ಚಾಕು ಕಾಡಿಗೆ ಯಾಕೆ?

ಮುಂದಿನ ವಾರ ಸಕಲೇಶಪುರದ ಕಡೆ ಒಂದು ಕಾಫಿ ತೋಟದಲ್ಲಿ ಟೆಂಟ್ ಹಾಕುವ ಪ್ಲಾನು. ಆಫೀಸಿನ ಹುಡುಗನೊಬ್ಬ ನಿನ್ನೆ ರಾತ್ರಿ ಫೋಟೊ ಕಳಿಸಿ "ಅಣ್ಣಾ, ಈ ಚಾಕು ತಗೊಳ್ಲಾ?" ಅಂದ. ಕಪ್ಪು ಬಣ್ಣ, ಅಲಗಿನ ಬೆನ್ನಿಗೆ ಗರಗಸದ ಹಲ್ಲು, ಹಿಡಿಯ ತುದಿಯಲ್ಲಿ ಗಾಜು ಒಡೆಯುವ ಮೊಳೆ. "ಟೆಂಟಲ್ಲಿ ಗಾಜು ಎಲ್ಲಿರುತ್ತೋ ಮಾರಾಯ" ಅಂದೆ.

ನಗಲು ನನಗೆ ಹಕ್ಕಿಲ್ಲ ಬಿಡಿ, ನಾನೂ ಅಂಥದೊಂದು ಕೊಂಡಿದ್ದವನೇ. ಅಲಗು ನಾಲ್ಕು ಮಿಲಿಮೀಟರ್ ದಪ್ಪ. ಚಿತ್ರಾನ್ನಕ್ಕೆ ಈರುಳ್ಳಿ ಹೆಚ್ಚಲು ಹೋದರೆ ಹೋಳು ಸೀಳಿಕೊಂಡು ಆಚೆ ಹಾರುತ್ತಿತ್ತು. ಟೊಮೆಟೊ ಜಜ್ಜಿ ಗೊಜ್ಜಾಯಿತು. ಕೊನೆಗೆ ತೋಟದ ಲೆಕ್ಕ ನೋಡುವ ರೈಟರ ಮನೆಯಿಂದ ಮೆಟ್ಟುಗತ್ತಿ ತಂದು ಮಾನ ಉಳಿಸಿಕೊಂಡೆವು.

ಕ್ಯಾಂಪಿನಲ್ಲಿ ಚಾಕುವಿಗೆ ಇರುವ ಕೆಲಸವಾದರೂ ಏನು? ತರಕಾರಿ ಹೆಚ್ಚುವುದು, ಹಗ್ಗ ಕೊಯ್ಯುವುದು, ಬೆಂಕಿ ಹಿಡಿಸಲು ಕಡ್ಡಿ ಹೆರೆಯುವುದು. ಸೌದೆ ಸೀಳುವುದಕ್ಕೆ ಕತ್ತಿ ಇದೆ. ಮಡಚುವ ಚಾಕುವನ್ನು ಕೊರಡಿನ ಮೇಲಿಟ್ಟು ಕಲ್ಲಲ್ಲಿ ಗುದ್ದುವ ಮಹಾನುಭಾವರನ್ನು ಕಂಡಿದ್ದೇನೆ. ಕೀಲು ಸಡಿಲವಾಗಿ ಅಲಗು ಅಲ್ಲಾಡಲು ಶುರುವಾದರೆ ಆ ಚಾಕುವಿನ ಕಥೆ ಮುಗಿದಂತೆ.

ಹಾಗಾಗಿ ನನ್ನ ಮತ ತೆಳ್ಳನೆಯ ಒಂದೇ ಅಲಗಿಗೆ, ಮೂರೂವರೆ ಇಂಚಿನೊಳಗೆ, ಮತ್ತು ಬಿಚ್ಚಿದ ಅಲಗು ತಾನಾಗಿ ಮಡಚಿಕೊಳ್ಳದಂತೆ ಹಿಡಿಯುವ ಲಾಕ್ ಇರಲೇಬೇಕು. ಒಂದೇ ಹಿಡಿಯಲ್ಲಿ ಹತ್ತಾರು ಸಲಕರಣೆ ಮಡಚಿಟ್ಟ ಸ್ವಿಸ್ ಚಾಕುಗಳ ಮೇಲೆ ನನಗೂ ಮೋಹವೇ, ಆ ಪುಟ್ಟ ಕತ್ತರಿಯೊಂದಕ್ಕೇ ದುಡ್ಡು ಕೊಡಬಹುದು. ಆದರೆ ಎಲ್ಲರಿಗೂ ಗೊತ್ತಿರುವ, ಮಡಚಿದಾಗ 91 ಮಿಲಿಮೀಟರ್ ಉದ್ದದ ಕೆಂಪು ಮಾದರಿಯಲ್ಲಿ ಅಲಗನ್ನು ಹಿಡಿದಿಡುವುದು ಬರೀ ಸ್ಪ್ರಿಂಗು. ಲಾಕ್ ಬೇಕೆಂದರೆ ಅವರದೇ ದೊಡ್ಡ ಮಾದರಿಗಳನ್ನು ನೋಡಬೇಕು. ಲಾಕಿಲ್ಲದ ಚಾಕುವಿನ ಮೊನೆಯಿಂದ ಏನನ್ನಾದರೂ ಚುಚ್ಚಿ ತೂತು ಮಾಡಲು ಹೋದರೆ ಅಲಗು ಮಡಚಿ ನೇರ ಬೆರಳಿನ ಮೇಲೆ ಬರುತ್ತೆ. ಜಾತ್ರೆಯಲ್ಲಿ ಕೊಂಡ ಚಾಕುವಿನಿಂದ ಬೆಲ್ಟಿಗೆ ತೂತು ಹಾಕಲು ಹೋಗಿ ಕಲಿತ ಪಾಠ ಇದು, ತೋರುಬೆರಳಲ್ಲಿ ಗುರುತು ಇನ್ನೂ ಇದೆ.

ನಾನೀಗ ಒಯ್ಯುವುದು ಫ್ರಾನ್ಸಿನ ಒಪಿನೆಲ್ 8ನೇ ನಂಬರು. 1890ರಲ್ಲಿ ಸವೊಯ್ ಬೆಟ್ಟಸೀಮೆಯಲ್ಲಿ ಹುಟ್ಟಿದ ರೈತರ ಚಾಕು. ಎಂಟೂವರೆ ಸೆಂಟಿಮೀಟರ್ ಅಲಗು, ಮರದ ಹಿಡಿ. ಅಲಗನ್ನು ಬಿಗಿಯುವ ಉಂಗುರ ಬಂದದ್ದು 1955ರಲ್ಲಿ. ಉಂಗುರ ತಿರುಗಿಸಿದರೆ ಲಾಕ್, ಅಷ್ಟೇ. ಟೊಮೆಟೊ ಬೆಣ್ಣೆಯ ಹಾಗೆ ಕೊಯ್ಯುತ್ತೆ. ಒಂದು ತಕರಾರೂ ಇದೆ: ನಮ್ಮ ಮಳೆಗೆ ನೆನೆದರೆ ಮರ ಉಬ್ಬಿ ಅಲಗು ಹೊರಗೆ ಬರಲು ಮುಷ್ಕರ ಹೂಡುತ್ತೆ. ಅದಕ್ಕೆ ಸವೊಯ್ ಜನರದೇ ಉಪಾಯವಿದೆ, ಹಿಡಿಯ ಹಿಂಬದಿಯನ್ನು ಗಟ್ಟಿ ಜಾಗಕ್ಕೆ ತಟ್ಟಿದರೆ ಅಲಗು ತಾನೇ ಇಣುಕುತ್ತೆ.

ಇದರಲ್ಲೇ ಕಾರ್ಬನ್ ಸ್ಟೀಲಿನದೂ ಸಿಗುತ್ತೆ. ಸಾಣೆಗೆ ಬಲು ಬೇಗ ಒಗ್ಗುತ್ತೆ, ನಿಜ. ಆದರೆ ನಿಂಬೆಹಣ್ಣು ಕೊಯ್ದರೆ ಕಪ್ಪಾಗುತ್ತೆ, ಒರೆಸದೆ ಮಲಗಿದರೆ ಬೆಳಗ್ಗೆ ತುಕ್ಕು. ಮಲೆನಾಡಿಗೆ ಹೋಗುವವರು ಸ್ಟೇನ್‌ಲೆಸ್ಸೇ ತಗೊಳ್ಳಿ, ಜೊತೆಗೊಂದು ಸಣ್ಣ ಸಾಣೆಕಲ್ಲು. ವಿಮಾನದಲ್ಲಿ ಹೋಗುವವರು ಮಾತ್ರ ಚಾಕುವನ್ನು ಚೆಕ್‌ಇನ್ ಬ್ಯಾಗಿಗೇ ಹಾಕಿ, ಕೈಚೀಲದಲ್ಲಿ ಬಿಡುವುದಿಲ್ಲ.

ಇಷ್ಟೆಲ್ಲ ಟೈಪ್ ಮಾಡುವಷ್ಟರಲ್ಲಿ ಹುಡುಗನ ಮೆಸೇಜು ಬಂತು: "ಅಣ್ಣಾ, ಆಫರ್ ಇತ್ತು, ಆರ್ಡರ್ ಮಾಡ್ಬಿಟ್ಟೆ." ಇರಲಿ, ಈರುಳ್ಳಿ ನಾನೇ ಹೆಚ್ಚುತ್ತೇನೆ.